ಚಾಂದಸಾಬ್ ಹೊಲಿದಿಟ್ಟ ಕಾರು

"ನನ್ನ ಹೊಲಿಗಿಯೊಳಗ ಇಟ್ಟ ವಸ್ತುಕ್ಕ ಕೇಡು ಅನ್ನೋದ ಇಲ್ಲ. ಮಳಿ ಹೋಗಾಂಗಿಲ್ಲ, ಇರಿವಿ ಹೋಗಾಂಗಿಲ್ಲ, ಕಾಲ ಸೈತ ಹೊರಗ ನಿಂತು ಬಾಗಿಲು ಬಡೀಬೇಕು" ಎಂದು, ರಾಶಿಗೂ ಲಾರಿಗೂ ಹೊದಿಸುವ ತಾಡಪತ್ರಿ ಹೊಲಿಯುವ ಚಾಂದಸಾಬ್ ಹೇಳುತ್ತಿದ್ದ. ಅವನು ಸಿರುಗುಪ್ಪದಲ್ಲಿದ್ದಾಗ ಕರೂರಿನ ರೈತನೊಬ್ಬ ಅವನ ತಾಡಪತ್ರಿಯಡಿ ಭತ್ತ ಮುಚ್ಚಿಟ್ಟು, ಮೂರು ಮಳೆಗಾಲ ಕಳೆದು ತೆಗೆದರೆ, ಭತ್ತ ತಾನಿನ್ನೂ ಗದ್ದೆಯಲ್ಲೇ ಇದ್ದೇನೆಂದು ತಿಳಿದು ಗಾಳಿಗೆ ತಲೆ ತೂಗಿತಂತೆ. ನಂಬದವರು ಕರೂರಿಗೆ ಹೋಗಿ ವಿಚಾರಿಸಬಹುದು. ಆ ರೈತ ಈಗಿಲ್ಲ, ಭತ್ತವನ್ನೂ ಯಾರೋ ಉಂಡಿದ್ದಾರೆ.

ಚಾಂದಸಾಬನ ಮನೆಯ ಅಲಮಾರಿಯ ಮೇಲೆ ಹಾಗೆ ಹೊಲಿದಿಟ್ಟ ಗಂಟೊಂದಿತ್ತು. ಒಳಗಿದ್ದದ್ದು ಕೆಂಪು ಬಣ್ಣದ ರಿಮೋಟ್ ಕಾರು. ಅವನ ಹೆಂಡತಿ ಖಾತೂನಳ ಅಣ್ಣ ಎಂಬತ್ತೈದನೇ ಇಸವಿಯಲ್ಲಿ ಸೌದಿಯಿಂದ ತಂದುಕೊಟ್ಟಿದ್ದ ಜಪಾನಿನ ಮಾಲು. ಸೆಲ್ಲು ಹಾಕಿ ಅಂಗಳದಲ್ಲಿ ಬಿಟ್ಟ ದಿನ ಸಿರುಗುಪ್ಪದ ಅರ್ಧ ಊರು ಗೋಡೆ ಹತ್ತಿತ್ತು. ಉಳಿದರ್ಧ ಊರು ಗೋಡೆ ಬೀಳದಂತೆ ಹಿಡಿದುಕೊಂಡಿತ್ತು. ಕಾರು ಒಂದು ಸುತ್ತು ಹಾಕಿ ಒರಳುಕಲ್ಲಿಗೆ ಮೂತಿ ತಾಕಿಸಿ ನಿಂತಿತು. ಐದು ವರ್ಷದ ಮಗ ಶಕೀಲ್ ಓಡಿಹೋಗಿ ಅದನ್ನೆತ್ತಿ ಎದೆಗೆ ಅವುಚಿಕೊಂಡ. ಚಾಂದಸಾಬ್ ಕಿತ್ತುಕೊಂಡ.

ಸೌದಿಯ ಬಾವ ಆಗಲೇ ಹೇಳಿದ್ದ: ಅಲ್ಲಿನ ಅರಬ್ ಶೇಖ್‌ಗಳು ಹಳೆಯ ಆಟಿಕೆಗಳನ್ನು ಗಾಜಿನೊಳಗೆ ಇಡುತ್ತಾರೆ, ಇಪ್ಪತ್ತು ವರ್ಷ ಕಾಯ್ದರೆ ಆಂಟಿಕ್ ಆಗಿ ನಿಜವಾದ ಕಾರಿಗಿಂತ ಹೆಚ್ಚು ಬೆಲೆ ಬಾಳುತ್ತವೆ, ಆದರೆ ಜೊತೆಗೆ ಬಂದದ್ದು ಒಂದೂ ಕಳೆಯಬಾರದು. ಚಾಂದಸಾಬ್ ಒಂದನ್ನೂ ಕಳೆಯಲಿಲ್ಲ. ಸೆಲ್ಲು ಹಾಕಿದ್ದ ಕಾರನ್ನು ಹಾಗೆಯೇ, ರಿಮೋಟಿನ ಸಮೇತ, ಯಾರಿಗೂ ಓದಲು ಬಾರದ ಜಪಾನಿ ಚೀಟಿಯ ಸಮೇತ, ಅದು ಬಂದಿದ್ದ ರಟ್ಟಿನ ಡಬ್ಬಿಯಲ್ಲೇ ಇಟ್ಟ. ಡಬ್ಬಿಗೆ ತಾಡಪತ್ರಿಯ ಚೀಲ ತೊಡಿಸಿ, ಮೇಣ ತಿಕ್ಕಿದ ದಾರದಿಂದ ಬಾಯಿ ಹೊಲಿದ.

"ಒಂದು ಗಳಿಗಿ ಅವನ ಕೈಯಾಗ ಕೊಡ್ರಿ" ಎಂದಳು ಖಾತೂನ್. "ಹುಡುಗ ಐತಿ, ಏನು ತಿಂತಾನೇನು."

"ಮುರೀತಾನ."

"ಮುರೀಲಿ."

"ಲೇ ಶಕೀಲಾ, ಅಳಬ್ಯಾಡ. ನೀ ದೊಡ್ಡವ ಆಗು, ಇದನ್ನ ಮಾರಿ ನಿನಗ ಖರೇ ಗಾಡಿನ ಕೊಡಸ್ತೀನಿ."

ಶಕೀಲ್ ದೊಡ್ಡವನಾಗುವ ಹೊತ್ತಿಗೆ ಚೀನಾದವರಿಗೆ ನಮ್ಮ ಗುಡ್ಡಗಳ ಮೇಲೆ ಮನಸ್ಸಾಯಿತು. ಅದಿರಿನ ಲಾರಿಗಳಿಗೆ ತಾಡಪತ್ರಿ ಹೊಲಿಯಲು ಚಾಂದಸಾಬ್ ಬಳ್ಳಾರಿಗೆ ಬಂದು ಸತ್ಯನಾರಾಯಣಪೇಟೆಯಲ್ಲಿ, ನಮ್ಮ ಮಗ್ಗುಲಲ್ಲೇ ಮನೆ ಹಿಡಿದ. ಆ ವರ್ಷಗಳ ಕೆಂಧೂಳು ಎಂಥದೆಂದರೆ, ಬಿಳಿ ಪಂಚೆ ಉಟ್ಟು ಮದುವೆಗೆ ಹೋದವನು ಸನ್ಯಾಸಿಯಾಗಿ ಮನೆಗೆ ಬರುತ್ತಿದ್ದ. ಲಾರಿಗಳ ಸಾಲು ಎಷ್ಟು ಉದ್ದವೆಂದರೆ, ಸಾಲಿನ ತುದಿಯಲ್ಲಿ ನಿಂತ ಡ್ರೈವರನಿಗೆ ಅಲ್ಲೇ ಲಗ್ನವಾಗಿ, ಮಗ ಹುಟ್ಟಿ, ಆ ಮಗನೇ ಲಾರಿಯನ್ನು ತೂಕದ ಕಟ್ಟೆಗೆ ಹತ್ತಿಸುತ್ತಿದ್ದ.

ಶಕೀಲ್ ಕೂಡ ಲಾರಿ ಹತ್ತಿದ. ಲಾರಿ ಅವನದಲ್ಲ, ಕುರುಗೋಡಿನ ದೊಡ್ಡಬಸವರಾಜನದು. ನಿನ್ನೆಯವರೆಗೆ ಮೆಣಸಿನಕಾಯಿ ಬೆಳೆಯುತ್ತಿದ್ದ ದೊಡ್ಡಬಸವರಾಜನಿಗೆ ಈಗ ಎಷ್ಟು ಲಾರಿ ಇದ್ದವೆಂಬುದು ಅವನಿಗೇ ಗೊತ್ತಿರಲಿಲ್ಲ. ಮನೆಗೆ ಬಂದಾಗಲೆಲ್ಲ ಶಕೀಲ್ ಅಲಮಾರಿಯ ಕಡೆ ಗದ್ದ ಎತ್ತಿ ಕೇಳುತ್ತಿದ್ದ:

"ಅಪ್ಪಾ, ಹಣ್ಣಾತೇನು ನಿಮ್ಮ ಆಂಟಿಕ್?"

"ಇನ್ನೊಂದೆರಡು ವರ್ಷ ತಡಿ."

"ತಡೀತೀನಿ. ನನಗೇನು ಅವಸರ ಐತಿ."

ಆ ಎರಡು ವರ್ಷ ತುಂಬಲಿಲ್ಲ. ಘಟ್ಟದ ಇಳಿಜಾರಿನಲ್ಲಿ ಲಾರಿ ಮಗುಚಿತು. ಹೊರಬೇಕಾದದ್ದರ ಇಮ್ಮಡಿ ಅದಿರು ಅದರ ಮೇಲಿತ್ತು. ಇಲ್ಲಿ ನಾನು ಏನನ್ನೂ ಸೇರಿಸಿ ಹೇಳುತ್ತಿಲ್ಲ. ದೊಡ್ಡಬಸವರಾಜನ ಆಳುಗಳು ಶಕೀಲನನ್ನು ಅದೇ ಲಾರಿಯ ತಾಡಪತ್ರಿಯಲ್ಲಿ ಸುತ್ತಿ ತಂದು ಅಂಗಳದಲ್ಲಿ ಮಲಗಿಸಿದರು. ಬಿಚ್ಚಿ ನೋಡಬೇಡಿ ಎಂದರು. ಚಾಂದಸಾಬ್ ತಾಡಪತ್ರಿಯ ಅಂಚಿನ ಮೇಲೆ ಬೆರಳಾಡಿಸಿದ. "ನಂದ ಹೊಲಿಗಿ" ಎಂದ, ಅಷ್ಟೇ. ದೊಡ್ಡಬಸವರಾಜ ಬರಲಿಲ್ಲ.

ಆಮೇಲೆ ಚಾಂದಸಾಬ್ ಕೆಲಸ ಬಿಟ್ಟು ಆ ಗಂಟಿನೆದುರು ಕೂರತೊಡಗಿದ. ಒಂದು ದಿನ ನನಗೆ ಹೇಳಿದ: "ಅದಕ್ಕ ಬೆಲಿ ಬಂತಂದ್ರ, ನಾ ಅವತ್ತು ಹುಡುಗನ ಕೈಯಿಂದ ಕಸಗಂಡಿದ್ದು ಖರೇ ಆಗ್ತೈತಿ. ಬರಲಿಲ್ಲಂದ್ರ ನಾ ಯಾಕ ಕಸಗಂಡೆ, ನೀನ ಹೇಳು."

ಇತ್ತ ದೊಡ್ಡಬಸವರಾಜ ಕುರುಗೋಡಿನಲ್ಲಿ ಮನೆ ಕಟ್ಟಿಸಿದ್ದ. ಅಡುಗೆಮನೆಯಿಂದ ಹೊರಟ ಚಹಾ ಪಡಸಾಲೆ ಮುಟ್ಟುವುದರೊಳಗೆ ತಣ್ಣಗಾಗುವುದೆಂದು ನಡುದಾರಿಯಲ್ಲಿ ಇನ್ನೊಂದು ಒಲೆ ಹೂಡಿಸಿದ್ದನಂತೆ. ಅಷ್ಟು ದೊಡ್ಡ ಮನೆ ತುಂಬಲು ಹಳೆಯ ವಸ್ತು ಬೇಕಾದವು. ಹಳೆಯ ರಿಮೋಟ್ ಕಾರುಗಳೂ ಮುಂದೆ ಆಂಟಿಕ್ ಆಗುತ್ತವೆ, ಈಗಲೇ ಹಿಡಿದಿಡಿ ಎಂದು ಮುಂಬೈಯ ವ್ಯಾಪಾರಿಯೊಬ್ಬ ಅವನ ಕಿವಿಗೆ ಹಾಕಿದ. ಶಕೀಲ್ ತಮಾಷೆಗೆ ಹೇಳುತ್ತಿದ್ದ ಕಾರಿನ ಕಥೆ ದೊಡ್ಡಬಸವರಾಜನ ಡ್ರೈವರರಿಗೆಲ್ಲ ಗೊತ್ತಿತ್ತು. ಹಾಗಾಗಿ ಒಂದು ಬೆಳಗ್ಗೆ, ಮಗ ಸತ್ತಾಗ ಬಾರದವನು, ಕಾರು ನೋಡಲು ಬಂದ.

"ಚಾಚಾ, ತಗೀರಿ ನೋಡೋಣ" ಎಂದು ಮಂಚದ ಮೇಲೆ ಕುಳಿತ.

ಚಾಂದಸಾಬ್ ಕೈಕಾಲು ತೊಳೆದು ಬಂದು, ಗಂಟು ಇಳಿಸಿ, ಬಾಗಿದ ಚೂರಿಯಿಂದ ಹೊಲಿಗೆ ಬಿಚ್ಚಿದ. ಡಬ್ಬಿ ನಿನ್ನೆ ಅಂಗಡಿಯಿಂದ ತಂದಂತಿತ್ತು. ಮೇಲಿನ ಚಿತ್ರದ ಕೆಂಪು ಒಂದಿಷ್ಟೂ ಮಾಸಿರಲಿಲ್ಲ. ಬಳ್ಳಾರಿಯ ಧೂಳಿನ ಒಂದು ಕಣವೂ ಒಳಗೆ ಹೋಗಿರಲಿಲ್ಲ.

ಮುಚ್ಚಳ ತೆಗೆದಾಗ ಹುಳಿ ವಾಸನೆ ಬಂತು. ಸೆಲ್ಲುಗಳು ಒಡೆದು ಸೋರಿ, ಹಸಿರು ಬಿಳಿ ಪುಡಿಯಾಗಿ ಹೆಪ್ಪುಗಟ್ಟಿ, ಕಾರಿನ ಹೊಟ್ಟೆಯನ್ನೂ ತಂತಿಗಳನ್ನೂ ತಿಂದುಹಾಕಿದ್ದವು. ಗಾಲಿಯ ರಬ್ಬರು ಕರಗಿ ಅಂಟಾಗಿತ್ತು. ಚಾಂದಸಾಬ್ ಎತ್ತಿದರೆ ಮೇಲಿನ ಅರ್ಧ ಮಾತ್ರ ಕೈಗೆ ಬಂತು. ಹೊರಗಿನದನ್ನೆಲ್ಲ ತಡೆದಿದ್ದ, ಕೇಡನ್ನು ಒಳಗೇ ಇಟ್ಟು ಹೊಲಿದಿದ್ದ.

ಬಾಗಿಲಲ್ಲಿ ನಿಂತಿದ್ದ ಖಾತೂನ್ ಮೆಲ್ಲಗೆ ಹೇಳಿದಳು: "ಅವನ ಕೈಯಾಗ ಮುರಿದಿದ್ರ ಚಲೋ ಇತ್ತು. ತುಂಡು ನೋಡಿದ್ರ, ನನ್ನ ಮಗ ಆಡಿದ್ದು ಅಂತಿದ್ದೆ."

ಚಾಂದಸಾಬ್ ಆ ಅರ್ಧ ಕಾರನ್ನು ಹಿಡಿದೇ ಕುಳಿತಿದ್ದ. ದೊಡ್ಡಬಸವರಾಜ ಅಂಗಳಕ್ಕೆ ಹೋಗಿ ಮುಂಬೈಗೆ ಫೋನು ಮಾಡಿ, ಮುಖ ಅರಳಿಸಿಕೊಂಡು ಬಂದ.

"ಚಾಚಾ, ಚಿಂತಿ ಬಿಡ್ರಿ. ಕಾರು ಹೋದ್ರ ಹೋಗ್ಲಿ, ಈ ಡಬ್ಬಿನ ಸಿಗಾಂಗಿಲ್ಲಂತ ಎಲ್ಲೂ. ಒಳಗಿಂದು ನೀವ ಇಟ್ಗಳ್ರಿ. ಹೊರಗಿನ ಡಬ್ಬಿ ಅಷ್ಟ ಕೊಡ್ರಿ, ನೀವು ಕೇಳಿದ ರೇಟು."

ಚಾಂದಸಾಬ್ ತಲೆ ಎತ್ತಿದ. ದನಿ ಏರಿಸಲಿಲ್ಲ.

"ಒಳಗಿಂದು ಹೋದ್ರೂ ನಿಮಗ ಹೊರಗಿಂದು ಸಾಕಂದ್ರ, ಸಾವ್ಕಾರ್ರ, ನನ್ನ ಮಗನ್ನ ಸುತ್ತಿ ಕಳಿಸಿದ್ರಲ್ಲ, ಆ ತಾಡಪತ್ರಿನೂ ಮಡಚಿ ಇಟ್ಟೀನಿ. ಮೊದ್ಲು ಅದರ ರೇಟು ಹೇಳ್ರಿ."