ಗಡಿಪಾರು ಬರೆಯದ ಚರಿತ್ರೆಕಾರ

ಪರದೇಶದಲ್ಲಿ, ಸ್ಯಾಂಟ್ರಿಯ ಫ್ಲ್ಯಾಟಿನಲ್ಲಿ ನಾವಿಬ್ಬರೂ ಒಂದೇ ಕುಕ್ಕರಿನಲ್ಲಿ ಅನ್ನ ಮಾಡಿಕೊಂಡು ಇದ್ದವರು. ಕಣ್ಣಿಟ್ಟಿದ್ದೂ ಒಂದೇ ಸೀಟಿನ ಮೇಲೆ. ನಾನು ಬೆಂಗಳೂರಿನವಳು, ನನ್ನ ರೂಮ್‌ಮೇಟ್ ಮೈಸೂರಿನವಳು. ಇಬ್ಬರದೂ ಇತಿಹಾಸದ ಮಾಸ್ಟರ್ಸ್. ನಮ್ಮ ಪ್ರೊಫೆಸರ್ ಹತ್ತಿರ ಪಿಎಚ್‌ಡಿಗೆ ಇದ್ದದ್ದು ಒಂದೇ ಜಾಗ. ಅದು ನನಗೇ ಅಂತ ಮನಸ್ಸಲ್ಲೇ ತೀರ್ಮಾನ ಮಾಡಿಬಿಟ್ಟಿದ್ದೆ.

ಯಾಕಂದ್ರೆ ಇಬ್ಬರೂ ಅರ್ಜಿಗೆ ಆರಿಸಿಕೊಂಡ ಚರಿತ್ರೆಕಾರನನ್ನು ಮೊದಲು ಹುಡುಕಿದವಳು ನಾನು. ಸುಮಾರು ಸಾವಿರದ ನಾನೂರು ವರ್ಷದ ಹಿಂದೆ, ವಿಸಿಗೋಥರು ಅನ್ನೋ ಜನ ಸ್ಪೇನ್ ಆಳುತ್ತಿದ್ದ ಕಾಲದ ಒಬ್ಬ ಕ್ರೈಸ್ತ ಸನ್ಯಾಸಿ. ಮತದ ಜಗಳದಲ್ಲಿ ರಾಜ ಅವನನ್ನು ಗಡಿಪಾರು ಮಾಡಿದ್ದ. ಆದರೂ ಅದೇ ರಾಜನ ಗೆಲುವುಗಳನ್ನು ಇವನು ವರ್ಷವರ್ಷಕ್ಕೂ ನೆಟ್ಟಗೆ ಬರೆದಿಟ್ಟಿದ್ದಾನೆ. ತನ್ನ ಗಡಿಪಾರಿನ ಬಗ್ಗೆ ಮಾತ್ರ ಒಂದು ಸಾಲೂ ಇಲ್ಲ. ಅದು ನಮಗೆ ಗೊತ್ತಾಗೋದು ಒಬ್ಬ ಬಿಷಪ್ ಬರೆದದ್ದರಿಂದ. ಇಷ್ಟು ದೊಡ್ಡ ಮನಸ್ಸಿನವನ ಮಾತನ್ನು ಕಣ್ಣು ಮುಚ್ಚಿ ನಂಬಬಹುದು ಅಂತ ನಾನು ಸೀಟಿನ ಅರ್ಜಿಯಲ್ಲಿ ಬರೆದೆ.

ಅವಳು ಅಕ್ಕಿ ತೊಳೀತಾ, "ದೊಡ್ಡ ಮನಸ್ಸೂ ಇಲ್ಲ, ಮಣ್ಣೂ ಇಲ್ಲ ಕಣೇ. ಏನು ಬರೆಯದೆ ಬಿಟ್ಟಿದ್ದಾನೋ ಅಲ್ಲೇ ಅವನ ಸಿಟ್ಟಿರೋದು," ಅಂದಳು. ತನ್ನ ಅರ್ಜಿಯಲ್ಲೂ ಅದನ್ನೇ ಬರೆದಳು. ಸೀಟು ಅವಳಿಗೆ ಹೋಯಿತು.

ಹೊಟ್ಟೆ ಉರಿದುಹೋಯಿತು. ಅವಳು ಹಚ್ಚಿದ ಊದುಬತ್ತಿ ವಾಸನೆಗೂ ಸಿಡುಕುತ್ತಿದ್ದೆ. ಯಾರಾದರೂ ಹೇಗಿದ್ದೀಯ ಅಂದರೆ, ಚೆನ್ನಾಗಿದ್ದೀನಿ ಅನ್ನೋಕೆ ಇಲ್ಲಿಯವರ ಹಾಗೆ 'ಗ್ರಾಂಡ್' ಅನ್ನುತ್ತಿದ್ದೆ. ಸಾಲದ್ದಕ್ಕೆ ಪ್ರೊಫೆಸರು, ವಿಭಾಗದ ಸೆಮಿನಾರಿನಲ್ಲಿ ಅವಳ ಪರಿಚಯ ಮಾಡಿಕೊಡು ಅಂತ ನನಗೇ ಹೇಳಿದರು.

ಸೋತ ಮುಖ ಮಾತ್ರ ತೋರಿಸಲ್ಲ ಅಂತ ಹಠ ನನಗೆ. ಅವಳ ಲ್ಯಾಟಿನ್, ಅವಳ ದುಡಿಮೆ, ಪ್ರಶ್ನೆ ಕೇಳೋ ಅವಳ ಚುರುಕು, ಒಂದನ್ನೂ ಕಡಿಮೆ ಮಾಡದೆ ಹೊಗಳಿದೆ. ಚಪ್ಪಾಳೆ ಬಿತ್ತು. ಪ್ರೊಫೆಸರು ಹತ್ತಿರ ಬಂದು, ನಿನ್ನದು ದೊಡ್ಡ ಮನಸ್ಸು ಅಂದರು. ನನ್ನ ಹೊಟ್ಟೆಕಿಚ್ಚು ಯಾರ ಕಣ್ಣಿಗೂ ಬೀಳಲಿಲ್ಲ ಅಂತ ಒಳಗೊಳಗೇ ಬೀಗಿದೆ.

ವಾಪಸ್ ಬರುವಾಗ ಬಸ್ಸಿನಲ್ಲಿ ಅವಳು ಕಿಟಕಿ ಕಡೆ ಮುಖ ಮಾಡಿ ಕೂತಿದ್ದಳು. ಆಮೇಲೆ ನನ್ನ ಕಡೆ ತಿರುಗದೆಯೇ ಹೇಳಿದಳು.

"ಎಲ್ಲಾ ಚೆನ್ನಾಗಿ ಹೇಳ್ದೆ ಕಣೇ. ಆ ಸನ್ಯಾಸೀನ ನನಗೆ ತೋರಿಸಿದ್ದು ನೀನು ಅನ್ನೋದೊಂದು ಬಿಟ್ಟು."

ನಾನು ಬೆಲ್ ಒತ್ತಿ ಎದ್ದು ನಿಂತೆ. ನಮ್ಮ ಸ್ಟಾಪ್ ಇನ್ನೂ ದೂರ ಇತ್ತು.