ಗೌಸಿಯಾ ಟೇಪು ಹಿಡಿದರೆ ಹುಡುಗಿಯರು ಮೈದಾನಕ್ಕೆ

ಬೆಳಗಿನ ಐದೂವರೆ. ಹುನಗುಂದ ತಾಲ್ಲೂಕಿನ ಮರೋಳದ ಮೈದಾನದಲ್ಲಿ ಹದಿನಾರು ಹುಡುಗಿಯರು ಖೋ-ಖೋ ಆಡುತ್ತಿದ್ದಾರೆ. ಅಂಚಿನಲ್ಲಿ ನಿಂತಿರುವ ಗೌಸಿಯಾ ಆಟಕ್ಕಿಂತ ಹೆಚ್ಚಾಗಿ ಹುಡುಗಿಯರ ಸೊಂಟ, ತೋಳು, ಮೊಣಕಾಲು ನೋಡುತ್ತಾರೆ. ಕೊರಳಲ್ಲಿ ಅಳತೆಯ ಟೇಪು, ದುಪಟ್ಟಾದ ತುದಿಗೆ ಚುಚ್ಚಿದ ಎರಡು ಸೂಜಿ.

"ಏ ಸುಲ್ತಾನಾ, ಕೂತಾಗ ಅಂಗಿ ಮ್ಯಾಲ ಏರತೈತಿ ನೋಡು. ಸಂಜಿಕ ಬಾ, ಕೆಳಗ ಪಟ್ಟಿ ಹಚ್ಚಿ ಕೊಡ್ತೇನಿ."

ನಲವತ್ತೊಂದರ ಗೌಸಿಯಾ ಊರಿನ ಟೇಲರ್. ಇಳಕಲ್ಲಿನ ಕಲ್ಲಿನ ಕ್ವಾರಿಯಲ್ಲಿ ಗಂಡ ಮತೀನರ ಬೆನ್ನಿಗೆ ಪೆಟ್ಟು ಬಿದ್ದ ಮೇಲೆ, ಆರು ವರ್ಷಗಳಿಂದ ಮನೆ ನಡೆದಿರುವುದು ಇವರ ಹೊಲಿಗೆ ಮಷಿನ್ನಿನಿಂದಲೇ. ದಿನಕ್ಕೆ ಏಳೆಂಟು ಜಂಪರ್, ಅಂದರೆ ಸೀರೆಯ ರವಿಕೆ, ಹೊಲಿಯುತ್ತಾರೆ. ಅವು ಮುಗಿದ ಮೇಲೆ ಆಟದ ಬಟ್ಟೆಯ ಕೆಲಸ. ನಾಲ್ಕು ವರ್ಷಗಳಲ್ಲಿ ಎಂಬತ್ತಕ್ಕೂ ಹೆಚ್ಚು ಹುಡುಗಿಯರು ಇವರು ಹೊಲಿದ ಬಟ್ಟೆ ತೊಟ್ಟು ಓಡಿದ್ದಾರೆ.

ಗೌಸಿಯಾ ಕೂಡ ಎಂಟನೇ ತರಗತಿಯವರೆಗೆ ಖೋ-ಖೋ ಆಡಿದವರು. ಒಂದು ಪಂದ್ಯದಲ್ಲಿ ಅಂಗಿ ಬಗಲಲ್ಲಿ ಹರಿಯಿತು, ನೋಡುತ್ತಿದ್ದವರು ನಕ್ಕರು. ಅಲ್ಲಿಗೆ ಆಟ ನಿಂತಿತು. "ಮನ್ಯಾಗ ಯಾರೂ ಬ್ಯಾಡ ಅನ್ನಲಿಲ್ರಿ. ನಾನ ಹೋಗಲಿಲ್ಲ," ಎನ್ನುತ್ತಾರೆ.

ರೈತ ಶಂಕ್ರಪ್ಪನವರ ಮಗಳು ಬಸವೇಶ್ವರಿಯನ್ನು ಕಂಡಾಗ ಅವರಿಗೆ ಅದೆಲ್ಲ ನೆನಪಾಯಿತಂತೆ. ಏಳನೇ ತರಗತಿಯಲ್ಲಿ ಬಾಣದಂತೆ ಓಡುತ್ತಿದ್ದ ಹುಡುಗಿ ಎಂಟಕ್ಕೆ ಬರುವಷ್ಟರಲ್ಲಿ ನಿಧಾನವಾಗಿದ್ದಳು. ಕೋಚ್ ಪ್ರಬುದ್ಧ ಮಾಸ್ತರರು ಬೈದರು, ತಿದ್ದಿದರು, ಕಾರಣ ತಿಳಿಯಲಿಲ್ಲ. ಗೌಸಿಯಾಗೆ ತಿಳಿಯಿತು. "ಓಡೂ ಮುಂದ ಆಕಿ ಒಂದ ಕೈ ಎದಿ ಮ್ಯಾಲ, ಇನ್ನೊಂದ ಕೈ ಅಂಗಿ ಎಳಕೊಳ್ಳಾಕ. ಕೈ ಬೀಸದ ಹೆಂಗ ಓಡಬೇಕ್ರಿ?"

ಅದೇ ವಾರ ಬಸವೇಶ್ವರಿ ಆಟ ಬಿಟ್ಟಳು. ಗೌಸಿಯಾ ಅವಳ ಮನೆಗೆ ಹೋಗಿ, ತಾಯಿಯ ಎದುರಿನಲ್ಲೇ ಅಳತೆ ತೆಗೆದುಕೊಂಡು ಬಂದರು. ಎದೆಯ ಭಾಗಕ್ಕೆ ಎರಡು ಪದರದ ಬನಿಯನ್ ಬಟ್ಟೆ, ಕಾಲು ಚಾಚಿದರೆ ಹರಿಯದಂತೆ ತೊಡೆಯ ಸಂದಿಗೆ ಚೌಕದ ತುಂಡು, ಸೊಂಟಕ್ಕೆ ಇಲಾಸ್ಟಿಕ್ ಜೊತೆಗೆ ಲಾಡಿ. ಹುಡುಗಿ ಮೈದಾನಕ್ಕೆ ಮರಳಿದಳು.

ಆದರೆ ಕಳೆದ ವರ್ಷ ಹುನಗುಂದದ ತಾಲ್ಲೂಕು ಪಂದ್ಯದಲ್ಲಿ, ಜನರ ಕೂಗಿಗೆ ಅವಳು ಮತ್ತೆ ಬೆದರಿದಳು. ಗೆಳತಿ ಬೆನ್ನು ತಟ್ಟಿ "ಖೋ" ಅಂದರೂ ಮೇಲೇಳಲಿಲ್ಲ. ವಿರಾಮದಲ್ಲಿ ಅಳುತ್ತ ಬಂದು, "ಎದ್ರ ಎಲ್ಲಾರೂ ನನ್ನ ನೋಡ್ತಾರ್ರಿ ಅಕ್ಕಾ," ಎಂದಳು.

"ಎಳಿ ಇದನ್ನ," ಎಂದು ಗೌಸಿಯಾ ಅವಳ ಅಂಗಿಯ ಹೊಲಿಗೆಯನ್ನು ಅವಳ ಕೈಗೇ ಕೊಟ್ಟರು. "ಶಕ್ತಿ ಇದ್ದಷ್ಟು ಎಳಿ. ಹರದು ತೋರಸು ನನಗ."

ಹುಡುಗಿ ಎಳೆದಳು. ಎರಡೂ ಕೈಯಲ್ಲಿ ಜಗ್ಗಿದಳು. ಹೊಲಿಗೆ ಬಿಚ್ಚಲಿಲ್ಲ.

"ಮತ್ಯಾಕ ಅಂಜತಿ? ನೋಡ್ಲಿ ಬಿಡು. ನೋಡಾಕ ಅಂತನ ಬಂದಾರ ಅವ್ರು."

ಎರಡನೇ ಸುತ್ತಿನಲ್ಲಿ ಬಸವೇಶ್ವರಿ ಮೂವರನ್ನು ಮುಟ್ಟಿದಳು. ಕೊನೆಯವಳನ್ನು ಮುಟ್ಟಲು ಕಂಬದ ಆಚೆ ಪೂರ್ತಿ ಮೈ ಚಾಚಿ ಜಿಗಿದಳು. ತಂಡ ಒಂದು ಅಂಕದಿಂದ ಸೋತಿತು. "ಸೋತ ಮರುದಿನ ನಾಲ್ಕು ಹೊಸ ಹುಡುಗ್ಯಾರು ಬಂದ್ರು. ಗೌಸಿಯಾ ಬಟ್ಟಿ ಹೊಲಿಯಾಕ ಹತ್ತೂಕಿಂತ ಮೊದಲ ಒಂಬತ್ತ ಮಂದಿ ಕೂಡಸಾಕ ನನಗ ಸಾಕಾಗ್ತಿತ್ತು," ಎಂದು ನಗುತ್ತಾರೆ ಪ್ರಬುದ್ಧ ಮಾಸ್ತರರು.

ಈ ಜೂನ್‌ನಲ್ಲಿ ಬಸವೇಶ್ವರಿ ಬಾಗಲಕೋಟೆಯ ಕ್ರೀಡಾ ಹಾಸ್ಟೆಲ್ಲಿಗೆ ಸೇರಿದ್ದಾಳೆ. ಇನ್ನು ಅವಳ ಬಟ್ಟೆ ಅಲ್ಲಿಂದಲೇ ಸಿಗುತ್ತದೆ. ಬೇಸರವಿಲ್ಲವೇ ಎಂದು ಕೇಳಿದರೆ ಗೌಸಿಯಾ ಸೂಜಿಗೆ ದಾರ ಪೋಣಿಸುತ್ತ ಇಲ್ಲವೆಂದು ತಲೆಯಾಡಿಸುತ್ತಾರೆ.

"ಹೋಗೂ ಮುಂದ ಒಂದ ಮಾತ ಹೇಳೇನ್ರಿ. ಅಂಗಿ ಬಿಗಿ ಆದ್ರ, ಸಡ್ಲ ಆದ್ರ, ಸುಮ್ನ ಹಾಕ್ಕೋಬ್ಯಾಡ, ಬಾಯಿ ಬಿಟ್ಟು ಹೇಳು ಅಂತ." ದಾರದ ತುದಿಗೆ ಗಂಟು ಹಾಕಿ ತಲೆಯೆತ್ತುತ್ತಾರೆ. "ಹೇಳ್ತಾಳ್ರಿ ಆಕಿ. ಈಗ ಹೇಳ್ತಾಳ."