ಬಾಯಲ್ಲಿ ಹೇಳಿದ ಬೆಲೆ

ಸೊಸೆ ಇವತ್ತು ಮಸಾಲೆಗೆಂದು ತಂದ ಪೊಟ್ಟಣ ಬಿಚ್ಚಿದಳು. ಒಳಗೆ ರಾಂಪತ್ರೆ, ಕಾಡುಜಾಯಿಕಾಯಿಯನ್ನು ಸುತ್ತಿಕೊಂಡಿರುವ ಕೆಂಪು ಎಸಳು. ಆ ಪರಿಮಳ ಮೂಗಿಗೆ ಬಡಿದದ್ದೇ ನಾನು ಪುತ್ತೂರು ಸಂತೆಗೆ ಹೋಗಿಬಿಟ್ಟೆ. ನೀವೂ ಬನ್ನಿ, ಬಸ್ಸಿಗೆ ಕಾಯಬೇಕಾಗಿಲ್ಲ.

ಐವತ್ತರ ದಶಕದ ಮಾತು. ನಾನು ಕೊಯಿಲ ಎಂಬ ಊರಿನ ಮನೆಗೆ ಮದುವೆಯಾಗಿ ಬಂದ ಹೊಸತು. ನಮ್ಮ ಕಡೆ ಸೀಗೆಕಾಯಿ, ಅಂಟುವಾಳ ಮಾರುವವರು ಹೆಂಗಸರು, ಅದೂ ಮನೆಮನೆಯ ಹಿಂಬಾಗಿಲಲ್ಲಿ. ರಾಂಪತ್ರೆ ಮಾತ್ರ ಗಂಡಸರ ಸರಕು. ಹೆಕ್ಕುವುದು, ಬಿಡಿಸುವುದು, ಒಣಗಿಸುವುದು ನಾವು, ಮಾರುವುದು ಅವರು. ಕಾರಣ ಕೇಳಿದರೆ ನಗುತ್ತೀರಿ. ಸಂತೆಯಲ್ಲಿ ಸರಕು ಕೊಳ್ಳುವ ಸಾಹುಕಾರರು ಹೆಗಲ ಮೇಲಿನ ಬೈರಾಸು ವಸ್ತ್ರದ ಅಡಿಯಲ್ಲಿ ಮಾರುವವನ ಕೈ ಹಿಡಿದು, ಬೆರಳು ಒತ್ತಿ ಬೆಲೆ ಹೇಳುತ್ತಿದ್ದರು. ಯಾರಿಗೆ ಎಷ್ಟು ಸಿಕ್ಕಿತೆಂದು ಪಕ್ಕದವನಿಗೂ ಗೊತ್ತಾಗದು. ಹೆಂಗಸಿನ ಕೈ ಹಿಡಿಯುವ ಹಾಗಿಲ್ಲವಲ್ಲ.

ಆ ವರ್ಷ ಬಾವ, ನನ್ನ ಗಂಡನ ಅಣ್ಣ, ಮರದಿಂದ ಬಿದ್ದು ಕಾಲು ಮುರಿದುಕೊಂಡರು. ನನ್ನ ಯಜಮಾನರು ಘಟ್ಟದ ಮೇಲೆ ಕೆಲಸಕ್ಕೆ ಹೋಗಿದ್ದರು. ಮಳೆಗಾಲದ ಅಕ್ಕಿ ಆ ರಾಂಪತ್ರೆಯ ಮೇಲೆಯೇ ನಿಂತಿತ್ತು. ಮಾರುವ ಮೊದಲೇ ಮಳೆ ಹಿಡಿದರೆ ಅಷ್ಟಕ್ಕೂ ಬೂಷ್ಟು. ಬಾವನ ಹೆಂಡತಿ ಸೀತಕ್ಕ ಬುಟ್ಟಿ ಎತ್ತಿಕೊಂಡಳು. ಇನ್ನೊಂದು ಬುಟ್ಟಿಯೊಂದಿಗೆ ನಾನು, ಬಸ್ಸಲ್ಲಿ ವಾಂತಿ ಮಾಡಿಕೊಂಡು, ಸೆರಗಲ್ಲಿ ಮುಖ ಮುಚ್ಚಿಕೊಂಡು.

"ಗಂಡಸರು ಯಾರೂ ಬರ್ಲಿಲ್ವಾ ಅಕ್ಕ?" ಸಂತೆಯಲ್ಲಿ ಸಾಹುಕಾರರೊಬ್ಬರು ಕೇಳಿದರು. "ನಿಮ್ಮ ಹತ್ರ ನಾನು ಬೆಲೆ ಮಾತಾಡುದು ಹೇಗೆ? ಕೈ ಹಿಡಿಲಿಕ್ಕೆ ಆಗ್ತದಾ?"

"ಕೈ ಎಂತಕ್ಕೆ ಸಾಹುಕಾರ್ರೆ? ಬಾಯಿ ಉಂಟಲ್ಲ," ಎಂದಳು ಸೀತಕ್ಕ.

ಅವರು ಗೊಣಗಿದ ಹಾಗೆ ಒಂದು ಬೆಲೆ ಹೇಳಿದರು.

"ಸರಿ ಕೇಳ್ಲಿಲ್ಲ. ಜೋರು ಹೇಳಿ."

ಜೋರು ಹೇಳಿದರು. ಅಲ್ಲಿಗೆ ಅವರ ಕೆಲಸ ಕೆಟ್ಟಿತು ನೋಡಿ. ಪಕ್ಕದ ಅಂಗಡಿಯವರ ಕಿವಿಗೂ ಬಿತ್ತು. ಅವರು ತಮ್ಮ ಜಗಲಿಯಿಂದಲೇ ಅದಕ್ಕಿಂತ ಹೆಚ್ಚು ಕೂಗಿದರು. ಇವರು ಬಿಡುತ್ತಾರೆಯೇ? ಬೆಲೆ ಏರುತ್ತಾ ಹೋಯಿತು. ಆಗಷ್ಟೇ ಬೈರಾಸಿನಡಿ ಕೈ ಕೊಟ್ಟು ಮಾರಿದ್ದ ಒಬ್ಬ ಗಂಡಸು, "ನನಗೆ ಇಷ್ಟು ಹೇಳ್ಲೇ ಇಲ್ಲ ಮಾರಾಯ್ರೆ," ಎಂದು ಬಾಯಿ ತೆರೆದು ನಿಂತ. ಅವನ ಹಿಂದಿದ್ದವರು ಕೈ ಹಿಂದಕ್ಕೆಳೆದುಕೊಂಡು, "ನಮಗೂ ಬಾಯಲ್ಲೇ ಹೇಳಿ," ಅಂದರು. ಮುಖದ ಸೆರಗು ಯಾವಾಗ ಜಾರಿತೋ ನನಗೆ ಗೊತ್ತಿಲ್ಲ; ಅಲ್ಲೇ ಕುಣಿಯುವಷ್ಟು ಖುಷಿ.

ಮನೆಗೆ ಬಂದಾಗ ಬಾವ ಮಲಗಿದ್ದಲ್ಲಿಂದಲೇ, ಗೋಡೆಗೂ ಕೇಳಿಸಬಾರದೆಂಬಂತೆ, "ಎಷ್ಟು ಸಿಕ್ತು?" ಎಂದರು. ಸೀತಕ್ಕ ಅಂಗಳದಲ್ಲೇ ನಿಂತು ಆಚೆಮನೆಯವರಿಗೂ ಕೇಳುವಂತೆ ಹೇಳಿದಳು.

ಮರುವರ್ಷ ನನ್ನ ಬುಟ್ಟಿಯ ಬೆಲೆಯನ್ನು ನಾನೇ ಕೂಗಿದೆ. ಈಗಲೂ ಅಂಗಡಿಯಲ್ಲಿ ನಾನು ಬಾಯಿ ತೆರೆದರೆ ಸೊಸೆಗೆ ನಾಚಿಕೆ, "ಅತ್ತೆ, ಸ್ವಲ್ಪ ಮೆಲ್ಲ" ಎನ್ನುತ್ತಾಳೆ. ಇಷ್ಟು ವರ್ಷ ನಕ್ಕು ಸುಮ್ಮನಾಗುತ್ತಿದ್ದೆ. ಮೆಲ್ಲ ಮಾತಾಡಿ ನಮ್ಮ ಗಂಡಸರು ಎಷ್ಟು ಕಳೆದುಕೊಂಡರೆಂದು ಇವತ್ತು ಅವಳನ್ನು ಕೂರಿಸಿ ಹೇಳುತ್ತೇನೆ.